ಮೊದಲ ಹನ್ನೆರಡು ಇಲಿಗಳು

ಗಾಳಿ ಎಲ್ಲ ಊರಲ್ಲೂ ಬೀಸುತ್ತದೆ. ಒಂದು ಊರಲ್ಲಿ ಮಾತ್ರ ಅದು ಅರ್ಧ ಮನುಷ್ಯನನ್ನು ಒಯ್ಯುತ್ತಿತ್ತು.

ಹಗಲಲ್ಲೇ ಬರುತ್ತಿತ್ತು. ಊಟಕ್ಕೆ ಕೂತವನ ಕೈಯಿಂದ ತುತ್ತು ಜಾರುತ್ತಿತ್ತು. ಬಾಯಿಯ ಒಂದು ಮೂಲೆ ಕೆಳಗಿಳಿಯುತ್ತಿತ್ತು. ಒಂದು ಕೈ, ಒಂದು ಕಾಲು ಇನ್ಯಾರದೋ ಆಗಿಬಿಡುತ್ತಿತ್ತು. ಆ ಊರಿನ ಮನೆಗಳಿಗೆಲ್ಲ ಎರಡು ಕದದ ಬಾಗಿಲು. ಗಾಳಿ ಮುಟ್ಟಿದ ಮನೆಯ ಒಂದು ಕದಕ್ಕೆ ಅಂದೇ ಮೊಳೆ ಬೀಳಬೇಕು. ಎಡಭಾಗ ಹೋದವನ ಮನೆಗೆ ಎಡದ ಕದ, ಬಲಭಾಗ ಹೋದವನ ಮನೆಗೆ ಬಲದ ಕದ. ಅವನು ಎದ್ದು ನಡೆದ ದಿನ ಮೊಳೆ ಕೀಳಬೇಕು. ಇದು ನಿಯಮ.

ಇನ್ನೊಂದು ನಿಯಮ ಇದಕ್ಕಿಂತ ಹಳೆಯದು. ಮೊದಲನೆಯದು ಗಾಳಿಗೆ. ಮೊದಲ ತುತ್ತು ಎಲೆಯ ಚೂರಿನಲ್ಲಿಟ್ಟು ಹೊರಗೆ. ಮೊದಲ ಕೊಡ ನೀರು ಹೊಸ್ತಿಲಿಗೆ. ಗಿಡದ ಮೊದಲ ಕಾಯಿ, ಹಸುವಿನ ಮೊದಲ ಹಾಲು, ಮಗ್ಗದ ಮೊದಲ ಮೊಳ ಬಟ್ಟೆ, ಎಲ್ಲ ಗಾಳಿಗೆ. ಗಾಳಿ ಅದರಿಂದ ತೃಪ್ತಿಪಟ್ಟಂತೆ ಯಾವತ್ತೂ ಕಂಡಿರಲಿಲ್ಲ. ಆದರೂ ಕೊಡುತ್ತಿದ್ದರು. ಕೊಡದಿದ್ದರೆ ಏನಾಗುತ್ತದೆ ಎಂದು ನೋಡಿದವರು ಇರಲಿಲ್ಲ. ಹಾಗಾಗಿ ಕೊಡುವುದೇ ಸರಿ ಎಂದು ಎಲ್ಲರಿಗೂ ಖಚಿತವಾಗಿತ್ತು.

ಊರಿನ ಎತ್ತರದಲ್ಲಿ, ನಲವತ್ತು ಮೆಟ್ಟಿಲು ಹತ್ತಿದ ಮೇಲೆ, ಇಲಿಮನೆ ಇತ್ತು. ಗಾಳಿಗೆ ಮದ್ದು ಅಲ್ಲಿ ತಯಾರಾಗುತ್ತಿತ್ತು. ಮದ್ದಿನ ಹೆಸರು ಕಾಪು. ಹೋದ ಅರ್ಧವನ್ನು ಅದು ಮರಳಿ ತರುವುದಿಲ್ಲ, ಹೋಗುತ್ತಿರುವ ಅರ್ಧವನ್ನು ಹಿಡಿದು ನಿಲ್ಲಿಸುತ್ತದೆ ಎಂದು ದೊಡ್ಡ ಪಂಡಿತರು ಹೇಳುತ್ತಿದ್ದರು. ಹೇಳಿದ್ದನ್ನು ಅವರು ನಂಬುತ್ತಲೂ ಇದ್ದರು. ತೊಂದರೆ ಇದ್ದದ್ದೇ ಅಲ್ಲಿ.

ಇಲಿಮನೆಯ ಕೆಲಸ ಹೀಗೆ. ಆರು ದಿನಕ್ಕೊಮ್ಮೆ ಒಂದು ದೊಡ್ಡ ಪಂಜರದಲ್ಲಿ ಇಪ್ಪತ್ತನಾಲ್ಕು ಇಲಿಗಳು ಬರುತ್ತಿದ್ದವು. ಬೆಳಿಗ್ಗೆ, ಉಳಿದವರು ಮೆಟ್ಟಿಲು ಹತ್ತಿ ಬರುವ ಮೊದಲು, ಹಿಡಿಯುವವಳು ಪಂಜರಕ್ಕೆ ಕೈ ಹಾಕುತ್ತಿದ್ದಳು. ಕೈಗೆ ಬಂದ ಮೊದಲ ಹನ್ನೆರಡು ಬಿಳಿ ಗೂಡಿಗೆ. ಮೊದಲನೆಯದು ಗಾಳಿಗೆ. ಉಳಿದ ಹನ್ನೆರಡು ಕೆಂಪು ಗೂಡಿಗೆ. ಬಿಳಿ ಗೂಡಿನ ಇಲಿಯ ಬಾಲಕ್ಕೆ ಬಿಳಿ ನೂಲು, ಕೆಂಪು ಗೂಡಿನದ್ದಕ್ಕೆ ಕೆಂಪು ನೂಲು.

ಆಮೇಲೆ ದಾರದವನು ಬರುತ್ತಿದ್ದ. ಪ್ರತಿ ಇಲಿಗೂ ಮಂಪರಿನ ಹೊಗೆ ಕೊಟ್ಟು ಮಲಗಿಸಿ, ಕತ್ತಿನ ನಾಳದೊಳಗೆ ಕೂದಲಿನಷ್ಟು ತೆಳುವಾದ ದಾರ ತೂರಿಸಿ, ತಲೆಯ ಒಂದು ಪಕ್ಕಕ್ಕೆ ರಕ್ತ ಹೋಗದಂತೆ ತಡೆಯುತ್ತಿದ್ದ. ನೀರಿನ ಮೇಲೆ ತೇಲಿಬಿಟ್ಟ ತೂತುಬಟ್ಟಲು ಮುಳುಗುವವರೆಗೆ ದಾರ ಒಳಗೆ. ಬಟ್ಟಲು ಮುಳುಗಿದ ಕೂಡಲೇ ದಾರ ಹೊರಗೆ. ಅಲ್ಲಿಗೆ ಇಲಿಗೆ ಗಾಳಿ ಬಡಿದಂತಾಯಿತು. ಪಂಡಿತರು ತಮ್ಮ ಕೈಯಾರೆ ಕೆಂಪು ಗೂಡಿಗೆ ಕಾಪು ಕುಡಿಸುತ್ತಿದ್ದರು, ಬಿಳಿ ಗೂಡಿಗೆ ಬೆಲ್ಲದ ನೀರು.

ಮೂರನೆಯ ದಿನ ಎಣಿಸುವವನು ಕೂರುತ್ತಿದ್ದ. ಎರಡು ಕಂಬಗಳ ನಡುವೆ ಹೆಬ್ಬೆರಳಿನಷ್ಟು ಅಗಲದ ಒಂದು ಮರದ ಪಟ್ಟಿ. ಇಲಿಗಳು ಒಂದೊಂದಾಗಿ ಅದರ ಮೇಲೆ ನಡೆಯಬೇಕು. ದಾಟಿದ್ದಕ್ಕೆ ಹಲಗೆಯ ಮೇಲೆ ಒಂದು ಗೆರೆ, ಬಿದ್ದದ್ದಕ್ಕೆ ಒಂದು ಸೊನ್ನೆ. ಒಂಬತ್ತು ವರ್ಷ ಬಿಳಿ ನೂಲಿನವು ಬಿದ್ದವು, ಕೆಂಪು ನೂಲಿನವು ದಾಟಿದವು. ದಾಟಿದವನ್ನೂ ಬಿದ್ದವನ್ನೂ ಅದೇ ಸಂಜೆ ಕೊಂದು ಒಂದೇ ಗುಂಡಿಗೆ ಹಾಕುತ್ತಿದ್ದರು. ಆ ವಿಷಯದಲ್ಲಿ ಕಾಪು ಭೇದ ಮಾಡುತ್ತಿರಲಿಲ್ಲ.

ಹಲಗೆಗಳನ್ನು ಇಲಿಮನೆಯ ಗೋಡೆಗೆ ತೂಗುಹಾಕುತ್ತಿದ್ದರು. ಹಬ್ಬದ ದಿನ ಊರಿನವರು ಮೆಟ್ಟಿಲು ಹತ್ತಿ ಬಂದು ಹಲಗೆ ನೋಡಿ, ಕೈಮುಗಿದು, ಒಂದು ಕದದ ಬಾಗಿಲುಗಳ ನಡುವೆ ನಡೆದು ಮನೆಗೆ ಹೋಗುತ್ತಿದ್ದರು.

ಕಾಪು ಬರುವ ಮೊದಲು ಊರಿನಲ್ಲಿ ನಡೆಸುವವರು ಎಂಬ ಹೆಂಗಸರಿದ್ದರು. ಗಾಳಿ ಬಡಿದವನನ್ನು ಅವರು ಮೂರನೆಯ ದಿನವೇ ಎಬ್ಬಿಸಿ, ಕಂಕುಳಿಗೆ ಹೆಗಲು ಕೊಟ್ಟು, ಬೈಯುತ್ತ ಬೈಯುತ್ತ ಬೀದಿ ಸುತ್ತಿಸುತ್ತಿದ್ದರು. ಕಾಪು ಬಂದ ಮೇಲೆ ಅದು ನಿಂತಿತು. ಕಾಪು ಕುಡಿದವನು ನಲವತ್ತು ದಿನ ಅಲುಗಾಡದೆ ಮಲಗಬೇಕು. ಅಲುಗಿದರೆ ಒಳಗೆ ಕಾಪು ಚೆಲ್ಲುತ್ತದೆ. ಇಲಿಗಳು ಮೂರನೆಯ ದಿನವೇ ಪಟ್ಟಿಯ ಮೇಲೆ ನಡೆಯುತ್ತವಲ್ಲ ಎಂದು ಯಾರೂ ಕೇಳಲಿಲ್ಲ.

ಹಿಡಿಯುವವಳೂ ಕೇಳಿರಲಿಲ್ಲ. ಅವಳ ಗಂಡ ಬಡಗಿ. ಊರಿನ ಅರ್ಧದಷ್ಟು ಬಾಗಿಲು ಅವನು ಮಾಡಿದ್ದು, ಉಳಿದರ್ಧ ಅವನ ಅಪ್ಪ ಮಾಡಿದ್ದು.

ಗಾಳಿ ಅವರ ಮನೆಗೆ ಬಂದದ್ದು ಮಧ್ಯಾಹ್ನ. ಬಡಗಿ ಜಗಲಿಯಲ್ಲಿ ಒಂದು ಕದಕ್ಕೆ ಉಳಿ ಹಿಡಿದಿದ್ದ. ಉಳಿ ಕೆಳಗೆ ಬಿತ್ತು.

"ಉಳಿ ಎತ್ತಿಕೊಡೆ," ಅಂದ.

"ನಿಮ್ಮ ಕಾಲ ಬುಡದಲ್ಲೇ ಇದೆಯಲ್ರೀ."

"ಯಾವ ಕಾಲು?"

ಅವಳು ತಿರುಗಿ ನೋಡಿದಳು. ಅವನ ಬಾಯಿಯ ಬಲ ಮೂಲೆ ಕೆಳಗಿಳಿದಿತ್ತು. ಬಲಗೈ ತೊಡೆಯ ಮೇಲೆ ಯಾರೋ ಬಿಟ್ಟುಹೋದ ವಸ್ತುವಿನಂತೆ ಬಿದ್ದಿತ್ತು.

ಅವಳು ನಲವತ್ತು ಮೆಟ್ಟಿಲು ಓಡಿ ಹತ್ತಿ ಕಾಪು ತಂದು ಒಂದು ಬಟ್ಟಲು ಮುಳುಗುವುದರೊಳಗೆ ಕುಡಿಸಿದಳು. ಇಷ್ಟು ಬೇಗ ಊರಿನಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಸಂಜೆಗೆ ಮೊದಲು ಮೊಳೆಯವನು ಬಂದ. ಗಾಳಿ ಬಡಿದ ಮನೆಗಳಿಗೆ ಮೊಳೆ ಹೊಡೆಯುವುದು, ಎದ್ದವರ ಮನೆಯ ಮೊಳೆ ಕೀಳುವುದು, ಎರಡೂ ಅವನ ಕೆಲಸ. ಬಲದ ಕದ ಮುಚ್ಚಿ ಬೆರಳುದ್ದದ ಮೊಳೆ ಹೊಡೆದ.

"ಕೀಳೋಕೆ ಯಾವಾಗ ಬರ್ತೀಯಪ್ಪ?" ಎಂದಳು.

"ಕೀಳೋದಾ?" ಮೊಳೆಯವನು ಕೈಯಲ್ಲಿದ್ದ ಸುತ್ತಿಗೆ ನೋಡಿದ. "ಕೀಳೋ ಕಬ್ಬಿಣ ಎಲ್ಲಿಟ್ಟೆನೋ ನೋಡಬೇಕಕ್ಕ. ಕೈಗೆ ತಗೊಂಡು ಏಳೆಂಟು ವರ್ಷ ಆಗಿರಬೇಕು."

ಅವನು ಹೋದ ಮೇಲೂ ಆ ಮಾತು ಹೊಸ್ತಿಲಲ್ಲೇ ನಿಂತಿತ್ತು.

ಐದನೆಯ ದಿನ ಒಬ್ಬ ಮುದುಕಿ ಬಂದಳು. ನಡೆಸುವವರಲ್ಲಿ ಉಳಿದವಳು ಇವಳೊಬ್ಬಳೇ. ಒಂದೇ ಕದದ ಬಾಗಿಲಲ್ಲಿ ಅಡ್ಡಕ್ಕೆ ತಿರುಗಿ ಒಳಗೆ ಬಂದು, ಕೇಳದೆಯೇ ಬಡಗಿಯ ಬಲಗಾಲನ್ನು ಹಿಂಡಿ ನೋಡಿದಳು.

"ಇನ್ನೂ ಮಾಂಸ ಇದೆ ಕಣವ್ವ. ಇಪ್ಪತ್ತೊಂದನೇ ದಿನದೊಳಗೆ ಎಬ್ಬಿಸಿ ನಡೆಸು. ಆಮೇಲೆ ಈ ಕಾಲು ಕೊರಡಾಗುತ್ತೆ. ಕೊರಡಾದ್ದನ್ನು ನಿನ್ನ ಗಂಡನೂ ಕೆತ್ತೋಕಾಗಲ್ಲ."

"ಅಲುಗಿದರೆ ಕಾಪು ಚೆಲ್ಲುತ್ತಂತಲ್ಲ ಅಜ್ಜಿ."

"ನಾನೇನು ನಿನ್ನ ಪಂಡಿತರನ್ನ ಬೈದೆನಾ? ನನಗೆ ಗೊತ್ತಿರೋದು ಹೇಳಿದೆ."

"ನೀನು ನಡೆಸಿದವರಲ್ಲಿ ಎಷ್ಟು ಜನ ಎದ್ದರು?"

"ಬೇಕಾದಷ್ಟು ಜನ."

"ಏಳದವರು?"

ಮುದುಕಿ ಯೋಚಿಸಿದಳು. "ಅವರನ್ನ ಯಾರು ನೆನಪಿಟ್ಟುಕೋತಾರೆ?"

ಹಿಡಿಯುವವಳು ಅವಳನ್ನೂ ನಂಬಲಿಲ್ಲ. ಆದರೆ ಇಪ್ಪತ್ತೊಂದು ಎಂಬ ಸಂಖ್ಯೆ ಮನೆಯಲ್ಲಿ ಉಳಿದುಕೊಂಡಿತು. ಕಾಪು ನಿಜವಾದರೆ ಗಂಡನನ್ನು ಎಬ್ಬಿಸುವುದು ಅವನನ್ನು ಕೆಡಿಸಿದಂತೆ. ಕಾಪು ಸುಳ್ಳಾದರೆ ಮಲಗಿಸಿಡುವುದು ಕೆಡಿಸಿದಂತೆ. ಎರಡರಲ್ಲಿ ಯಾವುದು ಎಂದು ತಿಳಿಯಲು ಹದಿನಾರು ದಿನ.

ಬಡಗಿ ಮಲಗಿದಲ್ಲಿಂದಲೇ ಹೆಂಡತಿಯನ್ನು ನೋಡುತ್ತಿದ್ದ. ಬೇರೆ ಕೆಲಸವಿರಲಿಲ್ಲ. ಏಳನೆಯ ದಿನ, ಅವಳು ಗಂಜಿ ಕುಡಿಸುತ್ತಿದ್ದಾಗ, ಅವಳ ಮುಂಗೈ ಮೇಲೆ ಕಣ್ಣಿಟ್ಟ. ಮೊಣಕೈವರೆಗೆ ಕಚ್ಚಿದ ಗುರುತುಗಳು, ಹಳೆಯವು, ಹೊಸವು.

"ಒಂಬತ್ತು ವರ್ಷದಿಂದ ಕಚ್ಚಿಸಿಕೊಳ್ತಿದ್ದೀಯ. ಇನ್ನೂ ಹಿಡಿಯೋಕೆ ಬರಲ್ಲವೇನೇ ನಿನಗೆ?" ಮಾತು ಬಾಯಿಯ ಒಂದೇ ಪಕ್ಕದಿಂದ ಬರುತ್ತಿತ್ತು. ಕುಚೋದ್ಯಕ್ಕೆ ಅಷ್ಟು ಸಾಕಾಗುತ್ತಿತ್ತು.

"ಎಲ್ಲವೂ ಕಚ್ಚಲ್ಲ. ಬಿಳಿ ಗೂಡಿನವು ಸಾಧು. ಕೈ ಹಾಕಿದರೆ ಬಂದು ಕೂರ್ತವೆ. ಈ ಕೆಂಪು ಗೂಡಿನ ಮುಂಡೇವೇ ಕಚ್ಚೋದು. ಇಡೀ ಪಂಜರ ಸುತ್ತಿಸ್ತವೆ."

"ಕಾಪು ಕುಡಿದ ಮೇಲೆ ಜೋರಾಗ್ತವೋ?"

"ಕುಡಿಯೋದು ಆಮೇಲೆ ಅಲ್ಲವೇನ್ರೀ. ನಾನು ಹಿಡಿಯೋದು ಅದಕ್ಕೂ ಮೊದಲು."

ಬಡಗಿ ಗಂಜಿ ನುಂಗದೆ ಬಾಯಲ್ಲೇ ಇಟ್ಟುಕೊಂಡ. ಅದು ಬಲ ಮೂಲೆಯಿಂದ ಇಳಿಯಿತು. ಅವಳು ಸೆರಗಿನಿಂದ ಒರೆಸಿದಳು.

"ಅಲ್ಲವೇ," ಅಂದ. "ಒಂದು ರಾಶಿ ಮರ ಇದೆ ಅಂತಿಟ್ಟುಕೋ. ಬೂರುಗವೂ ಇದೆ, ಹೊನ್ನೆಯೂ ಇದೆ. ಎತ್ತೋಕೆ ಹಗುರ ಅಂತ ಮೊದಲು ಬೂರುಗ ತೆಗೆದು ಒಂದು ಬಾಗಿಲು ಮಾಡಿದೆ. ಉಳಿದ ಹೊನ್ನೆಯಲ್ಲಿ ಇನ್ನೊಂದು ಬಾಗಿಲು ಮಾಡಿದೆ. ಹೊನ್ನೆ ಬಾಗಿಲಿಗೆ ಎಣ್ಣೆ ಹಚ್ಚಿದೆ. ಬೂರುಗದ್ದು ಹುಳ ಹಿಡೀತು, ಹೊನ್ನೆಯದ್ದು ನಿಂತಿತು. ಆಮೇಲೆ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದೆ, ನೋಡಿ ನನ್ನ ಎಣ್ಣೆ ಎಂಥದ್ದು ಅಂತ."

ಅವಳು ಬಟ್ಟಲು ಕೆಳಗಿಟ್ಟಳು.

ಸಾಧುವಾದ ಇಲಿಗಳು. ಅರ್ಧ ನಿದ್ದೆಯಲ್ಲಿರುವವು, ಮುದಿಯಾದವು, ಮೂಲೆಯಲ್ಲಿ ಮುದುಡಿ ಕೂತವು. ಕೈ ಹಾಕಿದರೆ ಮೊದಲು ಸಿಗುವುದು ಅವೇ. ಮೊದಲನೆಯದು ಗಾಳಿಗೆ. ದಾರ ಹಾಕದಿದ್ದರೂ ಅವುಗಳಲ್ಲಿ ನಾಲ್ಕಾದರೂ ಪಟ್ಟಿಯಿಂದ ಬೀಳುತ್ತಿದ್ದವು. ಒಂಬತ್ತು ವರ್ಷ ಅವುಗಳನ್ನು ಆರಿಸಿ ಬಿಳಿ ಗೂಡಿಗೆ ಹಾಕಿದ್ದು ಅವಳ ಕೈ. ಆರಿಸುತ್ತಿದ್ದೇನೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಹತ್ತನೆಯ ದಿನ ಹೊಸ ಪಂಜರ ಬಂತು. ಬೆಳಿಗ್ಗೆ ಇಲಿಮನೆಯಲ್ಲಿ ಅವಳೊಬ್ಬಳೇ. ಮೊದಲ ಹನ್ನೆರಡನ್ನು ಕೆಂಪು ಗೂಡಿಗೆ ಹಾಕಿದಳು. ಹುಟ್ಟಿದಾಗಿನಿಂದ ಅವಳು ಗಾಳಿಯ ಪಾಲನ್ನು ಗಾಳಿಗೆ ಕೊಡದೆ ಇದ್ದದ್ದು ಅದೇ ಮೊದಲು. ಸ್ವಲ್ಪ ಹೊತ್ತು ಕಾದಳು. ಏನೂ ಆಗಲಿಲ್ಲ. ಕಚ್ಚುವ ಹನ್ನೆರಡನ್ನು ಬಿಳಿ ಗೂಡಿಗೆ ಹಾಕಿ, ನೂಲು ಕಟ್ಟಿ, ಕೈ ತೊಳೆದುಕೊಂಡಳು.

ದಾರದವನು ದಾರ ಹಾಕಿದ. ಪಂಡಿತರು ಕೆಂಪು ಗೂಡಿಗೆ ಕಾಪು ಕುಡಿಸಿದರು. ಮೂರನೆಯ ದಿನ ಎಣಿಸುವವನು ಪಟ್ಟಿಯ ಮುಂದೆ ಕೂತ. ಹಿಡಿಯುವವಳು ಒಂದೊಂದೇ ಇಲಿಯನ್ನು ತಂದು ಬಿಟ್ಟಳು.

ಮೊದಲ ಕೆಂಪು ನೂಲಿನ ಇಲಿ ಎರಡು ಹೆಜ್ಜೆ ಇಟ್ಟು ಪಟ್ಟಿಗೆ ಜೋತುಬಿತ್ತು.

"ಇದು ಬಿದ್ದದ್ದಲ್ಲ, ಬಗ್ಗಿದ್ದು," ಎಂದು ಎಣಿಸುವವನು ಗೆರೆ ಎಳೆದ.

ಎರಡನೆಯದು ನೆಲಕ್ಕೇ ಬಿತ್ತು.

"ಹಾರಿತು ನೋಡಕ್ಕ. ಶಕ್ತಿ ಜಾಸ್ತಿಯಾಗಿ."

ಬಿಳಿ ನೂಲಿನದು ಒಂದು ನೇರವಾಗಿ ದಾಟಿತು. ಎಣಿಸುವವನು ಅದನ್ನು ಹಿಡಿದು ಮತ್ತೆ ನಡೆಸಿದ. ಮತ್ತೆ ದಾಟಿತು. ಮೂರನೆಯ ಸಲ ಸುಸ್ತಾಗಿ ಎಡವಿತು. "ಹಾಂ," ಎಂದು ಸೊನ್ನೆ ಬರೆದ.

ಆದರೆ ಅವನ ಔದಾರ್ಯಕ್ಕೂ ಒಂದು ಮಿತಿಯಿತ್ತು. ಸಂಜೆಗೆ ಕೆಂಪಿನಲ್ಲಿ ಏಳು ಸೊನ್ನೆ, ಬಿಳಿಯಲ್ಲಿ ನಾಲ್ಕು. ಹಲಗೆ ನೋಡಿ ಪಂಡಿತರು ಒದ್ದೆ ಬಟ್ಟೆ ತರಿಸಿದರು.

"ಗಾಳಿ ಮುನಿದ ದಿನ," ಎಂದು ಹಲಗೆ ಒರೆಸಿದರು. ಅವರ ಮುಖದಲ್ಲಿ ಮೋಸವಿರಲಿಲ್ಲ. ಅಕ್ಕಿಯಿಂದ ಕಲ್ಲು ಆರಿಸುವವರ ಮುಖದಲ್ಲಿರುವಷ್ಟೇ ಶ್ರದ್ಧೆ ಇತ್ತು.

ಅವರು ಹೋದ ಮೇಲೆ ಎಣಿಸುವವನು ದನಿ ತಗ್ಗಿಸಿದ. "ಚಿಂತೆ ಮಾಡಬೇಡಕ್ಕ. ಹಿಂದೆಯೂ ಹೀಗಾಗಿತ್ತು. ನಿನ್ನ ಅಮ್ಮ ತೀರಿಕೊಂಡಾಗ ನೀನು ಹನ್ನೊಂದು ದಿನ ಬರಲಿಲ್ಲ ನೋಡು. ಆಗ ಒಬ್ಬ ಬಲೆಯವನನ್ನ ಕರೆಸಿದ್ದರು. ಅವನು ಬಲೆ ಬೀಸಿ ಅರ್ಧ ಈ ಕಡೆ, ಅರ್ಧ ಆ ಕಡೆ ಸುರಿದ. ಎರಡು ಪಂಜರವೂ ಕೆಟ್ಟವು. ಇಷ್ಟು ಬಿದ್ದರೆ ಅಷ್ಟು ಬಿದ್ದವು, ಏನೂ ವ್ಯತ್ಯಾಸ ಇಲ್ಲ. ಹಲಗೆ ಒರೆಸಿದರು. ನೀನು ಬಂದ ಮೇಲೆ ಎಲ್ಲ ಸರಿಹೋಯಿತು. ಕೈಗುಣ ಅಂತ ಒಂದಿರುತ್ತಲ್ಲಕ್ಕ."

ಅವಳು ತನ್ನ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ಸೂರನ್ನೇ ನೋಡುತ್ತ ಕೇಳಿದ.

"ಈಗ ಎಣ್ಣೆಯನ್ನ ಬೂರುಗಕ್ಕೆ ಹಚ್ಚಿದೆ. ಬೂರುಗ ಬೂರುಗವೇ ಅಂತ ಗೊತ್ತಾಯಿತು. ಎಣ್ಣೆ ಎಂಥದ್ದು ಅಂತ ಗೊತ್ತಾಯಿತೇ?"

"ಇಲ್ಲ."

"ಬೂರುಗವೂ ಹೊನ್ನೆಯೂ ಆ ಕಡೆಗಿಷ್ಟು, ಈ ಕಡೆಗಿಷ್ಟು ಬೆರೆತು ಹೋಗಬೇಕು. ನಿನ್ನ ಕೈಗೆ ಆರಿಸೋಕೆ ಬಿಡಬಾರದು. ನಿನ್ನ ಕೈ ಒಳ್ಳೇದೇ. ಅದಕ್ಕೇ ಅದನ್ನ ನಂಬಬೇಡ."

ಗೋಡೆಯ ಮಾಡದಲ್ಲಿ ಚೌಕಾಬಾರ ಆಟದ ಹುಣಸೆ ಬೀಜಗಳಿದ್ದವು. ಒಂದು ಪಕ್ಕ ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದವು, ಇನ್ನೊಂದು ಪಕ್ಕ ಕಪ್ಪು. ಅವನ ಕಣ್ಣು ಅಲ್ಲಿಗೆ ಹೋಯಿತು. ಅವಳದೂ ಹೋಯಿತು.

ಹದಿನಾರನೆಯ ದಿನ ಬೆಳಿಗ್ಗೆ ಪಂಜರದ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದೊಂದು ಇಲಿ ಹಿಡಿದಾಗಲೂ ಎಡಗೈಯಿಂದ ಬೀಜ ಎಸೆದಳು. ಬಿಳಿ ಬಿದ್ದರೆ ಬಿಳಿ ಗೂಡಿಗೆ, ಕಪ್ಪು ಬಿದ್ದರೆ ಕೆಂಪು ಗೂಡಿಗೆ. ಸಾಧುವೂ ಅಲ್ಲಿಗೆ, ಕಚ್ಚುವುದೂ ಅಲ್ಲಿಗೆ. ಇಪ್ಪತ್ತನಾಲ್ಕು ಸಲ ಹಿಡಿದಳು, ಇಪ್ಪತ್ತನಾಲ್ಕು ಸಲ ಎಸೆದಳು. ಬೀಜಕ್ಕೆ ಯಾವ ನಂಬಿಕೆಯೂ ಇರಲಿಲ್ಲ. ಅದಕ್ಕೆ ಹನ್ನೆರಡು ಎಂಬ ಸಂಖ್ಯೆಯ ಮೇಲೆ ಗೌರವವೂ ಇರಲಿಲ್ಲ. ಬಿಳಿ ಗೂಡಿನಲ್ಲಿ ಹದಿಮೂರು ಇಲಿಗಳಾದವು, ಕೆಂಪಿನಲ್ಲಿ ಹನ್ನೊಂದು. ಅವಳು ಹಾಗೇ ಬಿಟ್ಟಳು.

ಹದಿನೆಂಟನೆಯ ದಿನ ಎಣಿಕೆಗೆ ತರುವ ಮೊದಲು ಎಲ್ಲ ಬಾಲಗಳಿಗೂ ನೂಲಿನ ಮೇಲೆ ಬೂದುಬಣ್ಣದ ಬಟ್ಟೆ ಸುತ್ತಿದಳು.

"ಇದೇನಕ್ಕ, ಎಲ್ಲಕ್ಕೂ ಬಾಲ ಮುರಿದಿದೆಯಾ?" ಎಂದ ಎಣಿಸುವವನು.

"ಚಳಿ. ನೀನು ಎಣಿಸು."

"ನೂಲು ಕಾಣಲ್ಲವಲ್ಲ. ನೂಲು ನೋಡದೆ ಬಿತ್ತೋ ದಾಟಿತೋ ಅಂತ ಹೇಗೆ ಹೇಳಲಿ?"

ಅವನು ತಮಾಷೆ ಮಾಡುತ್ತಿರಲಿಲ್ಲ. ಅವಳು ಸುಮ್ಮನೆ ಮೊದಲ ಇಲಿಯನ್ನು ಪಟ್ಟಿಯ ಮೇಲೆ ಬಿಟ್ಟಳು. ಅಂದು ಎಣಿಸುವವನು ಇಡೀ ದಿನ ಬೆವರಿದ. ಒಂದು ಇಲಿ ಬಿದ್ದರೆ ಬಿತ್ತು ಎನ್ನಬೇಕಾಯಿತು. ದಾಟಿದರೆ ದಾಟಿತು ಎನ್ನಬೇಕಾಯಿತು. ಅಷ್ಟು ಬರಿದಾದ ಕೆಲಸವನ್ನು ಅವನು ಹಿಂದೆಂದೂ ಮಾಡಿರಲಿಲ್ಲ. ಎಣಿಸಿದ ಇಲಿಗಳನ್ನು ಅವಳು ಗುರುತುಗಳ ಸಾಲಿನಲ್ಲೇ ಒಂದೊಂದು ಬುಟ್ಟಿಯಡಿ ಮುಚ್ಚಿಡುತ್ತ ಹೋದಳು. ಕೊನೆಗೆ ಬಟ್ಟೆಗಳನ್ನು ಬಿಚ್ಚಿದಳು.

ಬಿಳಿಯ ಹದಿಮೂರರಲ್ಲಿ ಬಿದ್ದದ್ದು ಆರು. ಕೆಂಪಿನ ಹನ್ನೊಂದರಲ್ಲಿ ಬಿದ್ದದ್ದು ಐದು.

ಎಣಿಸುವವನು ಎರಡು ಸಲ ಲೆಕ್ಕ ಹಾಕಿದ. "ಬೆಲ್ಲದ ನೀರು ಅಷ್ಟು ಒಳ್ಳೇದಾ ಅಕ್ಕ?"

"ಕಾಪು ಅಷ್ಟೇ ಒಳ್ಳೇದು."

ಮರುದಿನ ಬೆಳಿಗ್ಗೆ ದೊಡ್ಡ ಪಂಡಿತರು ಅವಳನ್ನು ಕರೆಸಿದರು. ಹಲಗೆ ಅವರ ಮೊಣಕಾಲ ಮೇಲಿತ್ತು. ಪಕ್ಕದಲ್ಲಿ ನೀರಿನ ಬೋಗುಣಿ, ಬಟ್ಟೆ.

"ಹನ್ನೊಂದು ಏಕಮ್ಮ?" ಎಂದರು. ಸೊನ್ನೆಗಳ ಬಗ್ಗೆ ಕೇಳಲಿಲ್ಲ.

ಅವಳು ಎಲ್ಲವನ್ನೂ ಹೇಳಿದಳು. ಸಾಧು ಇಲಿ, ಕಚ್ಚುವ ಇಲಿ, ಬೂರುಗ, ಹೊನ್ನೆ, ಬೀಜ. ಪಂಡಿತರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ತೆರೆದರು.

"ನನ್ನ ಇಲಿಗಳ ಮೇಲೆ ಚೌಕಾಬಾರ ಆಡಿದೆ."

"ಆಡಿದೆ ಸ್ವಾಮಿ."

"ಒಂಬತ್ತು ವರ್ಷದ ಗೋಡೆ ಒಂದು ಕಡೆ. ಒಂದು ಹುಣಸೆ ಬೀಜ ಒಂದು ಕಡೆ."

"ಗೋಡೆಯ ಮೇಲಿರೋದು ನನ್ನ ಕೈ ಸ್ವಾಮಿ. ಕಾಪಲ್ಲ. ನೀವೂ ಒಂದು ಸಲ ಬೀಜ ಎಸೆದು ನೋಡಿ."

"ಮೊದಲನೆಯದು ಯಾರಿಗಮ್ಮ?"

"ಗಾಳಿಗೆ."

"ಮತ್ತೆ? ಗಾಳಿಯ ಪಾಲನ್ನು ಗಾಳಿಗೆ ಕೊಡದೆ ಗಾಳಿಗೆ ಮದ್ದು ಹುಡುಕುವುದು ಹೇಗೆ?" ಅವರ ದನಿಯಲ್ಲಿ ಕೋಪವಿರಲಿಲ್ಲ. ಮಗುವಿಗೆ ಮಗ್ಗಿ ಹೇಳಿಕೊಡುವಂತೆ ಹೇಳಿದರು. "ನಿನ್ನ ಕೈಗುಣ ಕೆಟ್ಟಿದೆ. ಮನೆಯಲ್ಲಿ ಕಷ್ಟ ಇದೆ, ಕೆಟ್ಟಿರುತ್ತದೆ. ನಲವತ್ತು ದಿನ ಕಳೆಯಲಿ, ಗಂಡ ಎದ್ದು ಕೂರಲಿ, ಆಮೇಲೆ ಬಾ. ಒಂದು ಮಾತು ಕೇಳುತ್ತೇನೆ. ಅವನಿಗೆ ಕುಡಿಸಿದ್ದು ಕಾಪನ್ನೇ ತಾನೇ? ಅದು ಸುಳ್ಳು ಎಂದರೆ ಅವನಿಗೆ ಉಳಿಯುವುದೇನು?"

"ಎರಡು ದಿನ," ಎಂದಳು ಹಿಡಿಯುವವಳು.

ಪಂಡಿತರಿಗೆ ಅರ್ಥವಾಗಲಿಲ್ಲ. ಅವರು ಬಟ್ಟೆಯನ್ನು ನೀರಿನಲ್ಲಿ ಅದ್ದಿದರು.

ಅವಳು ನಲವತ್ತು ಮೆಟ್ಟಿಲು ಇಳಿದಳು. ಬೀದಿಯಲ್ಲಿ ಬಾಗಿಲುಗಳನ್ನು ನೋಡುತ್ತ ನಡೆದಳು. ಎಡದ ಕದ, ಬಲದ ಕದ, ಬಲದ ಕದ, ಎಡದ ಕದ. ಕೆಲವು ಮೊಳೆಗಳ ಸುತ್ತ ತುಕ್ಕು ಕಣ್ಣೀರಿನಂತೆ ಇಳಿದಿತ್ತು. ಬಾವಿಕಟ್ಟೆಯಲ್ಲಿದ್ದ ಹೆಂಗಸರಿಗೆ ಇಲಿಗಳ ವಿಷಯ ಹೇಳಲು ನಿಂತಳು. ಅವರು ಕೇಳಿದರು. ಒಬ್ಬಳು, ಎರಡು ವರ್ಷದಿಂದ ಎಡದ ಕದಕ್ಕೆ ಮೊಳೆ ಬಿದ್ದ ಮನೆಯವಳು, ಕೊಡವನ್ನು ಸೊಂಟಕ್ಕೇರಿಸಿದಳು.

"ನಮ್ಮನೆಯವರು ಇಪ್ಪತ್ತನೇ ದಿನ ಸೀನಿಬಿಟ್ಟರು ಕಣಕ್ಕ. ಅದಕ್ಕೇ ಚೆಲ್ಲಿತು. ಇಲ್ಲದಿದ್ದರೆ ಎದ್ದಿರೋರು. ಕಾಪಿನದೇನೂ ತಪ್ಪಿಲ್ಲ."

ಉಳಿದವರು ತಲೆಯಾಡಿಸಿದರು. ಪ್ರತಿಯೊಬ್ಬರ ಮನೆಯಲ್ಲೂ ಒಂದು ಸೀನು ಇತ್ತು.

ಮನೆಗೆ ಬಂದಾಗ ಬಿಸಿಲು ಜಗಲಿಗೆ ಬಂದಿತ್ತು. ಬಡಗಿ ಎಚ್ಚರವಾಗಿದ್ದ.

"ಎಷ್ಟಕ್ಕೆ ಎಷ್ಟು?"

"ಹದಿಮೂರಕ್ಕೆ ಆರು. ಹನ್ನೊಂದಕ್ಕೆ ಐದು."

ಹತ್ತೊಂಬತ್ತು ದಿನ ಒಳಗೆ ಹೊತ್ತುಕೊಂಡಿದ್ದ, ಚೆಲ್ಲದಂತೆ ಕಾಪಾಡಿದ್ದ ಒಂದು ಪಾತ್ರೆ ಖಾಲಿ ಎಂದು ಅವನಿಗೆ ಈಗ ತಿಳಿದಿತ್ತು.

"ಕೆಮ್ಮು ಬಂದಾಗಲೂ ತಡೆದಿದ್ದೆ ಕಣೆ," ಅಂದ. ಆಮೇಲೆ ಬೇಕೆಂದೇ, ಜೋರಾಗಿ, ಮೂರು ಸಲ ಕೆಮ್ಮಿದ.

"ಅಜ್ಜಿ ಹೇಳಿದ್ದೂ ನಿಜವೋ ಏನೋ ಗೊತ್ತಿಲ್ಲ," ಎಂದಳು. "ಅವಳು ಎದ್ದವರನ್ನ ಮಾತ್ರ ಎಣಿಸಿದ್ದಾಳೆ."

"ಅದು ಸುಳ್ಳಾದರೆ ಏನಾಗುತ್ತೆ?"

"ಬೀಳ್ತೀರಿ."

"ಮಲಗಿದ್ದೀನಿ. ಇನ್ನೆಲ್ಲಿಗೆ ಬೀಳಲಿ? ಎಬ್ಬಿಸು."

ಮುದುಕಿಯನ್ನು ಕರೆಯಲು ಹೋಗಲಿಲ್ಲ. ಅವನ ಬಲ ಕಂಕುಳಿಗೆ ಅವಳು ಹೆಗಲು ಕೊಟ್ಟಳು. ಅವನು ಎಡಗಾಲ ಮೇಲೆ ನಿಂತ. ಬಲಗಾಲು ಹಿಂದೆ ಎಳೆದು ಬಂತು. ಗೋಡೆ ಹಿಡಿದು ಹೊಸ್ತಿಲವರೆಗೆ ಬಂದರು. ಅಲ್ಲಿ ನಿಂತುಬಿಟ್ಟರು. ಒಂದು ಕದದ ಬಾಗಿಲಲ್ಲಿ ಇಬ್ಬರು ಒಟ್ಟಿಗೆ ಹಿಡಿಸುವುದಿಲ್ಲ.

ಊರಿನ ಬಾಗಿಲುಗಳಿಗೆಲ್ಲ ಎರಡು ಕದ ಏಕೆ ಎಂದು ಅವಳು ಒಮ್ಮೆಯೂ ಯೋಚಿಸಿರಲಿಲ್ಲ.

"ಮೊಳೆಯವನನ್ನ ಕರೀಲಾ?"

"ಅವನ ಹತ್ರ ಕೀಳೋ ಕಬ್ಬಿಣ ಎಲ್ಲಿದೆ? ನನ್ನನ್ನ ಚೌಕಟ್ಟಿಗೆ ಒರಗಿಸು. ಉಳಿ ತಗೋ. ಮೊಳೆಯ ಎಡಗಡೆ ಹಾಕಿ ಮೀಟು."

"ಬೆರಳುದ್ದದ ಮೊಳೆ. ನನ್ನ ಕೈಯಲ್ಲಿ ಬರುತ್ತಾ?"

"ಮೊಳೆ ಬೀಳೋ ಜಾಗದಲ್ಲಿ ಚೌಕಟ್ಟಿಗೆ ಒಂದು ಬೂರುಗದ ಪಟ್ಟಿ ಕೂರಿಸಿದೆ. ಎಲ್ಲ ಬಾಗಿಲಿಗೂ ಹಾಗೇ ಮಾಡೋದು. ನಮ್ಮಪ್ಪ ಕಲಿಸಿದ್ದು. ಏಕೆ ಅಂತ ಕೇಳಿದ್ದಕ್ಕೆ, ಮೊಳೆ ಕೀಳಬೇಕಾಗುತ್ತಲ್ಲೋ ದಡ್ಡ, ಅಂದಿದ್ದ."

ಅವಳು ಉಳಿ ಹಾಕಿ ಮೀಟಿದಳು. ಒಂದು ಸಲ ಮೀಟಿದಾಗ ಮೊಳೆ ಕಿರುಗುಟ್ಟಿತು. ಎರಡನೆಯ ಸಲಕ್ಕೆ ತಲೆ ಎತ್ತಿತು. ಮೂರನೆಯ ಸಲಕ್ಕೆ ಹಾಲುಹಲ್ಲಿನಂತೆ ಬಂದು ಅಂಗೈಗೆ ಬಿತ್ತು. ಬಲದ ಕದವನ್ನು ತಳ್ಳಿದಳು. ಹತ್ತೊಂಬತ್ತು ದಿನ ಹೊರಗೇ ನಿಂತಿದ್ದ ಬಿಸಿಲು ಪೂರಾ ಒಳಗೆ ಬಂತು.

ಎದುರು ಮನೆಯ ಒಂದು ಕದ ಅಷ್ಟೇ ತೆರೆಯಿತು. ಆಚೆ ಮನೆಯದೂ ತೆರೆಯಿತು. ಜನ ನೋಡುತ್ತಿದ್ದರು. ಚೆಲ್ಲುತ್ತದೆ, ಚೆಲ್ಲುತ್ತದೆ ಎಂದು ಯಾರೋ ಅಂದರು.

ಇಬ್ಬರೂ ಹೊಸ್ತಿಲು ದಾಟಿದರು. ಅವನು ಬಲಗಾಲನ್ನು ಮುಂದಿಟ್ಟ. ಇಡಲು ಹೋದ. ಕಾಲು ಮಡಚಿಕೊಂಡಿತು, ಅವಳ ಹೆಗಲು ಜಾರಿತು, ಇಬ್ಬರೂ ಮಣ್ಣಿನಲ್ಲಿ ಕೂತರು. ಬೀದಿಯಲ್ಲಿ ಒಬ್ಬೊಬ್ಬರಾಗಿ ಕದ ಮುಚ್ಚಿಕೊಂಡರು. ನೋಡಬೇಕಾದ್ದನ್ನು ಅವರು ನೋಡಿಯಾಗಿತ್ತು.

ಅವಳು ಎದ್ದು ಜಗಲಿಯ ಮೂಲೆಯಿಂದ ಒಂದು ಇದ್ದಿಲ ಚೂರು ತಂದಳು. ಈಗಷ್ಟೇ ತೆರೆದ ಬಲದ ಕದದ ಮೇಲೆ, ಎಲ್ಲರಿಗೂ ಕಾಣುವಂತೆ, ಒಂದು ಸೊನ್ನೆ ಬರೆದಳು.

"ಅದನ್ನ ಬರೀಬೇಡ್ವೇ," ಅಂದ ಬಡಗಿ, ಮೀಸೆಯಲ್ಲಿ ಮಣ್ಣು. "ಮೊದಲನೇದು ಗಾಳಿಗೆ."

"ಗಾಳಿಗೆ ಸಾಕಷ್ಟು ಕೊಟ್ಟಾಯಿತು," ಎಂದಳು. ಇದ್ದಿಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಅವನ ಕಂಕುಳಿಗೆ ಹೆಗಲು ಕೊಟ್ಟಳು. "ಏಳಿ. ಎರಡನೇದು."